ಲಂಗಣ

ನನ್ನ ಮಗ ಪರಮಾನಂದ ಉಪವಾಸ ಇರುವಂತಿಲ್ಲ. ಎರಡು ವರ್ಷದ ಕೂಸು ಯಾವ ಏಕಾದಶಿ ಮಾಡುತ್ತದೆ ಎಂದು ನೀವು ನಗಬಹುದು. ನಮ್ಮ ಓಣಿಯವರೂ ನಗುತ್ತಾರೆ. ಉಬ್ಬಿದ ಗಲ್ಲ, ಮಡಿಕೆ ಬಿದ್ದ ತೊಡೆ, ಇಂಥವನಿಗೆ ಅದೇನು ರೋಗ ಎಂದು ಕೇಳುತ್ತಾರೆ. ಅವರಿಗೆಲ್ಲ ಉತ್ತರ ಕೊಡುವುದನ್ನು ಬಿಟ್ಟು ಬಹಳ ದಿನವಾಯಿತು. ಮೈ ನೆಟ್ಟಗಿದ್ದಾಗ ಎಂಟು ತಾಸು, ಜ್ವರವಿದ್ದಾಗ ಮೂರು ತಾಸು. ಅದಕ್ಕಿಂತ ಹೆಚ್ಚು ಹೊತ್ತು ಹೊಟ್ಟೆ ಖಾಲಿ ಉಳಿದರೆ ಪರಮು ನಿದ್ದೆ ಹೋಗುತ್ತಾನೆ, ಆ ನಿದ್ದೆಯಿಂದ ತಾನಾಗಿ ಏಳುವುದಿಲ್ಲ.

ಇದು ಗೊತ್ತಾದದ್ದು ಅವನು ಎಂಟು ತಿಂಗಳಿನವನಿದ್ದಾಗ. ಒಂದು ಮುಂಜಾನೆ ಎಷ್ಟು ಅಲುಗಾಡಿಸಿದರೂ ಕಣ್ಣು ಬಿಡಲಿಲ್ಲ. ಜಾಲಹಳ್ಳಿ ಕಡೆಯ ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿದ ಮೇಲೆ ಅತ್ತ. ರಕ್ತದ ನಾಲ್ಕು ಹನಿಗಳನ್ನು ಕಾಗದದ ಮೇಲೆ ಒಣಗಿಸಿ ವೈಟ್‌ಫೀಲ್ಡಿನ ಯಾವುದೋ ಲ್ಯಾಬಿಗೆ ಕಳಿಸಿದರು. ಹತ್ತು ದಿನಕ್ಕೆ ರಿಪೋರ್ಟು ಬಂತು. ಮಕ್ಕಳ ಡಾಕ್ಟರು ಶ್ರೀಧರ್ ಅದನ್ನು ಎರಡು ಸಲ ಓದಿ, ನಾನು ಎಷ್ಟು ಓದಿದ್ದೇನೆ ಎಂದು ಕೇಳಿದರು. ಎಸ್ಸೆಸ್ಸೆಲ್ಸಿ ಎಂದೆ. ಜೀವಕೋಶದ ಶಕ್ತಿಕೇಂದ್ರ ಯಾವುದು ಎಂಬ ಪ್ರಶ್ನೆಗೆ ಮೈಟೋಕಾಂಡ್ರಿಯ ಎಂದು ಬರೆದು ಒಂದು ಅಂಕ ತೆಗೆದುಕೊಂಡವಳು ನಾನು. ಆ ಒಂದು ಅಂಕ ಮುಂದೊಂದು ದಿನ ನನ್ನ ತೊಡೆಯ ಮೇಲೆ ಬಂದು ಮಲಗುತ್ತದೆ ಎಂದು ಯಾವ ಮೇಷ್ಟರೂ ಹೇಳಿರಲಿಲ್ಲ.

"ನೋಡಿ ಅಮ್ಮಾ," ಎಂದು ಡಾಕ್ಟರು ಒಂದು ಚೀಟಿಯ ಹಿಂಬದಿಯಲ್ಲಿ ಗೀಚತೊಡಗಿದರು. "ನಾವು ತಿಂದ ಅನ್ನ ಸಕ್ಕರೆ ಆಗುತ್ತೆ. ರಕ್ತದಲ್ಲಿ ಹರಿಯುತ್ತೆ. ಒಂದೊಂದು ಜೀವಕೋಶಾನೂ ಅದನ್ನ ಒಳಗೆ ತಗೊಂಡು ಉರಿಸಿ ಶಕ್ತಿ ಮಾಡ್ಕೊಳ್ಳುತ್ತೆ. ಊಟ ಆಗಿ ಸ್ವಲ್ಪ ಹೊತ್ತಾದ್ಮೇಲೆ ಆ ಸಕ್ಕರೆ ಮುಗಿಯುತ್ತೆ, ಆಗ ಲಿವರ್‌ನಲ್ಲಿ ಕೂಡಿಟ್ಟಿದ್ದು ಹೊರಗೆ ಬರುತ್ತೆ. ಅದೂ ಮುಗಿದ್ರೆ ಮೈಯಲ್ಲಿರೋ ಕೊಬ್ಬು. ನೀವು, ನಾನು ಒಂದು ದಿನ ಉಪವಾಸ ಇದ್ರೂ ಓಡಾಡ್ಕೊಂಡಿರ್ತೀವಲ್ಲ, ಅದು ಆ ಕೊಬ್ಬಿಂದ."

ಕೊಬ್ಬು ಉದ್ದನೆಯ ಸರಪಳಿಯ ಹಾಗೆ ಇರುತ್ತದಂತೆ. ಅದನ್ನು ಇಡಿಯಾಗಿ ಉರಿಸಲು ಬರುವುದಿಲ್ಲ. ತುದಿಯಿಂದ ಎರಡೆರಡು ಕೊಂಡಿ ಕತ್ತರಿಸುತ್ತ ಬರಬೇಕು, ಕತ್ತರಿಸಿದ ತುಂಡು ಜೀವಕೋಶದೊಳಗಿನ ಒಲೆಗೆ ಹೋಗಬೇಕು. ಸರಪಳಿ ಉದ್ದವಿದ್ದಾಗ ಒಂದು ಕತ್ತರಿ, ನಡುವಿನ ಅಳತೆಗೆ ಇಳಿದಾಗ ಬೇರೆ ಕತ್ತರಿ, ತೀರಾ ಗಿಡ್ಡವಾದಾಗ ಮತ್ತೊಂದು. ಪರಮುವಿನ ಮೈಯಲ್ಲಿ ಆ ನಡುವಿನ ಕತ್ತರಿ ಇಲ್ಲ.

ನಾನು ಪೀಣ್ಯದ ಎರಡನೇ ಹಂತದಲ್ಲಿ ಗಾಡಿಗಳೊಳಗೆ ಹಾಯುವ ವೈರಿನ ಕಟ್ಟು, ವೈರ್ ಹಾರ್ನೆಸ್, ಮಾಡುವ ಕಾರ್ಖಾನೆಯಲ್ಲಿ ಕೆಲಸ ಮಾಡುವವಳು. ಮೊದಲ ಟೇಬಲಿನಲ್ಲಿ ವೈರು ಕತ್ತರಿಸುತ್ತಾರೆ, ಎರಡನೆಯದರಲ್ಲಿ ಅದರ ತುದಿಯ ಸಿಪ್ಪೆ ಸುಲಿಯುತ್ತಾರೆ, ಮೂರನೆಯದರಲ್ಲಿ ತುದಿಗೆ ಪಿನ್ನು ಒತ್ತುತ್ತಾರೆ. ಎರಡನೇ ಟೇಬಲಿನವಳು ಬರದ ದಿನ ಏನಾಗುತ್ತದೆ ಎಂದು ನನಗೆ ಯಾವ ಡಾಕ್ಟರೂ ಹೇಳಿಕೊಡಬೇಕಿಲ್ಲ. ಗೋಡೌನಿನಲ್ಲಿ ವೈರಿನ ಸುರುಳಿಗಳು ಬೇಕಾದಷ್ಟಿರುತ್ತವೆ. ಅರ್ಧ ಕೆಲಸವಾದ ತುಂಡುಗಳು ಟ್ರೇಗಳಲ್ಲಿ ರಾಶಿ ಬೀಳುತ್ತವೆ. ಲೈನಿನ ಕೊನೆಗೆ ಮಾತ್ರ ಒಂದು ಪೀಸೂ ಬರುವುದಿಲ್ಲ.

"ಹಂಗಾದ್ರ ಅರ್ಧಾ ಕತ್ತರಿಸಿದ್ದು ಎಲ್ಲಿ ಹೋಗ್ತೈತ್ರಿ ಸಾರ್?" ಎಂದು ಕೇಳಿದೆ.

ಡಾಕ್ಟರು ತಲೆ ಎತ್ತಿ ನನ್ನನ್ನು ನೋಡಿದರು. "ಮೈಯಲ್ಲೇ ತುಂಬ್ಕೊಳ್ಳುತ್ತೆ. ಅದೇ ವಿಷ ಆಗುತ್ತೆ. ಅದಕ್ಕೇ ಇವನನ್ನ ಆ ಹಂತಕ್ಕೆ ಹೋಗೋಕೆ ಬಿಡಬಾರದು. ಹೊಟ್ಟೆ ಖಾಲಿ ಬಿಡಬೇಡಿ, ಅಷ್ಟೇ ಔಷಧಿ. ಇಪ್ಪತ್ತು ವರ್ಷ ಆದ್ರೂ ಆರಾಮಾಗಿರ್ತಾನೆ." ಆಮೇಲೆ ಪೆನ್ನು ತಿರುಗಿಸುತ್ತ ಕೇಳಿದರು: "ಸಂಬಂಧದಲ್ಲೇ ಮದುವೆನಾ?"

"ಹೌದ್ರಿ. ಸೋದರತ್ತಿ ಮಗ."

"ಅಪ್ಪನ ಕಡೆಯಿಂದ ಒಂದು, ಅಮ್ಮನ ಕಡೆಯಿಂದ ಒಂದು, ಎರಡೂ ಕೆಟ್ಟದ್ದೇ ಬಂದ್ರೆ ಹೀಗಾಗುತ್ತೆ. ಇವನಿಗಿಂತ ಮೊದಲು ಮಕ್ಕಳಿದ್ರಾ?"

ಒಬ್ಬಳಿದ್ದಳು ಎಂದೆ. ಹೇಗೆ ತೀರಿಕೊಂಡಳು ಎಂದು ಕೇಳಿದರು. ಹೇಳಿದೆ. ಹೇಳುತ್ತಿದ್ದಂತೆ ಅವರ ಪೆನ್ನು ನಿಂತಿತು. "ನಿಮಗೆ ಗೊತ್ತಿರಲಿಲ್ಲ ಅಮ್ಮಾ," ಎಂದರು. ಗೊತ್ತಿಲ್ಲದೆ ನಾವು ಏನು ಮಾಡಿದ್ದೆವು ಎಂಬುದು ನನಗೆ ಆಗಲೇ ಗೊತ್ತಾದದ್ದು.

ಭಾಗ್ಯಶ್ರೀಗೆ ಆಗ ಹದಿನಾಲ್ಕು ತಿಂಗಳು. ಹುನಗುಂದದ ಕಡೆಯ ನಮ್ಮೂರಿಗೆ ಹೋದಾಗ ಅವಳಿಗೆ ವಾಂತಿ ಹತ್ತಿತು. ಅತ್ತೆ ಚನ್ನಕ್ಕ, ನನ್ನ ಅಪ್ಪನ ಒಡಹುಟ್ಟಿದ ಅಕ್ಕ, ನನ್ನ ಗಂಡನ ತಾಯಿ, ಲಂಗಣ ಹಾಕು ಎಂದಳು. ಲಂಗಣ ಎಂದರೆ ರೋಗ ಹೊಕ್ಕ ಹೊಟ್ಟೆಯನ್ನು ಖಾಲಿ ಕೆಡವುವುದು. ಲಂಘನಂ ಪರಮೌಷಧಂ ಎಂದು ಓದಿದವರೂ ಹೇಳುತ್ತಾರೆ. ನಮ್ಮ ಮನೆತನದಲ್ಲಿ ಕೂಸಿಗೆ ಜ್ವರವೋ ವಾಂತಿಯೋ ಬಂದರೆ ಒಂದು ಹಗಲು ಒಂದು ರಾತ್ರಿ ಹಾಲು ಮುಟ್ಟಿಸುವುದಿಲ್ಲ, ಓಮಿನ ನೀರು ಮಾತ್ರ. ಹಾಲು ಕೊಟ್ಟರೆ ರೋಗಕ್ಕೇ ಉಣಿಸಿದ ಹಾಗೆ ಎಂದು ಅತ್ತೆಯ ಮಾತು. ಭಾಗ್ಯಾ ನನ್ನ ಸೆರಗು ಹಿಡಿದು ಜಗ್ಗುತ್ತಿದ್ದಳು. ನಾನು ಅವಳನ್ನು ಅತ್ತೆಯ ಕೈಗೆ ಕೊಟ್ಟು, ಹಿತ್ತಲಿಗೆ ಹೋಗಿ, ಎದೆ ಬಿಗಿದಿದ್ದ ಹಾಲನ್ನು ಗೋಡೆಯ ಬುಡಕ್ಕೆ ಹಿಂಡಿ ಬಂದೆ. ಸಂಜೆ ಹೊತ್ತಿಗೆ ಅವಳು ಸುಮ್ಮನಾದಳು. ಚೆಂದ ನಿದ್ದೆ ಹತ್ತಿದೆ, ಎಬ್ಬಿಸಬೇಡ ಎಂದಳು ಅತ್ತೆ. ನಾನು ಎಬ್ಬಿಸಲಿಲ್ಲ. ಬೆಳಗಾಗುವಷ್ಟರಲ್ಲಿ ಮೈ ತಣ್ಣಗಾಗಿತ್ತು.

ಊರಿಗೆ ಒಂದು ಕಾರಣ ಬೇಕಲ್ಲ. ಅದನ್ನೂ ಅತ್ತೆಯೇ ಹುಡುಕಿಕೊಟ್ಟಳು. ಬೆಂಗಳೂರಿನ ಕಂಪನಿ ಊಟ ಉಂಡು ಮಾದೇವಿಯ, ಅಂದರೆ ನನ್ನ, ಎದೆಹಾಲು ಕೆಟ್ಟಿತ್ತು ಎಂದಳು. ಒಬ್ಬರ ಬಾಯಿಂದ ಒಬ್ಬರ ಬಾಯಿಗೆ ಹೋಗಿ ಅದು ಬಸ್ ಸ್ಟ್ಯಾಂಡಿನ ತನಕ ಮುಟ್ಟಿತು. ಪರಮು ಹುಟ್ಟಿದ ಮೂರನೇ ದಿನ, ನಾನಿನ್ನೂ ಹಾಸಿಗೆಯಿಂದ ಎದ್ದಿರಲಿಲ್ಲ, ಈ ಸಲ ಡಬ್ಬಿ ಹಾಲೇ ಇರಲಿ ಎಂದು ಹೇಳಿಕಳಿಸಿದಳು.

ಹೀಗಿರುವಾಗ ಡಾಕ್ಟರ ಮಾತು ನನ್ನ ಕೈಗೆ ಬಂತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ನನ್ನ ಕಾಲ ಬಂದಿತ್ತು. ಫೋನಿನಲ್ಲಿ ಒಂದೇ ಒಂದು ಮಾತು ಸಾಕಿತ್ತು. ಸುಳ್ಳೇಕೆ ಹೇಳಲಿ, ಆ ಮಾತನ್ನು ಬಾಯಲ್ಲಿಟ್ಟುಕೊಂಡು ಚಪ್ಪರಿಸಿದ ದಿನಗಳೂ ಇವೆ. ಆದರೆ ಹೇಳಬೇಕೆಂದು ಫೋನು ಎತ್ತಿಕೊಂಡಾಗೆಲ್ಲ ಹಿತ್ತಲ ಗೋಡೆ ಕಣ್ಣ ಮುಂದೆ ಬರುತ್ತಿತ್ತು. ಕೊಡಬೇಡ ಎಂದವಳು ಅವಳು, ಕೊಡದೆ ಇದ್ದವಳು ನಾನು. ಅವಳಿಗೆ ಹೇಳುವುದೆಂದರೆ ನನಗೆ ನಾನೇ ಗಟ್ಟಿಯಾಗಿ ಹೇಳಿಕೊಂಡ ಹಾಗೆ.

ನನ್ನ ಗಂಡ ಯಮನಪ್ಪನಿಗೆ ಪರಮುವಿಗೆ ಏನು ಬೇಕು ಎಂಬುದನ್ನು ಹೇಳಿದೆ, ಭಾಗ್ಯಾಗೆ ಏನಾಗಿತ್ತು ಎಂಬುದನ್ನು ಹೇಳಲಿಲ್ಲ. ಶೆಡ್ ಕಟ್ಟುವ ವೆಲ್ಡಿಂಗ್ ಕೆಲಸ ಅವನದು, ಕೆಟ್ಟವನಲ್ಲ, ಆದರೆ ದಿನಾ ಸಂಜೆ ತಾಯಿಗೆ ಫೋನು ಮಾಡಿ ಮಧ್ಯಾಹ್ನ ಏನು ಉಂಡೆ ಎಂಬುದನ್ನೂ ಒಪ್ಪಿಸುವವನು. ಅವನ ಹೊಟ್ಟೆಯಲ್ಲಿ ಈ ಮಾತು ಒಂದು ದಿನವೂ ನಿಲ್ಲುತ್ತಿರಲಿಲ್ಲ. ಹಾಗಾಗಿ ಬಿಸಿತುಪ್ಪ ನನ್ನ ಬಾಯಲ್ಲೇ ಉಳಿಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಚೊಕ್ಕಸಂದ್ರದ ನಮ್ಮ ಒಂದು ಕೋಣೆಯ ಮನೆಯಲ್ಲಿ ಗಂಡ, ಮಗ ಇಬ್ಬರೂ ಪಕ್ಕದಲ್ಲೇ ಮಲಗಿರುವಾಗಲೂ ನಾನು ಒಬ್ಬಳೇ ಇದ್ದೆ. ಲೈನಿನಲ್ಲಿ ಅರವತ್ತು ಹೆಂಗಸರ ನಡುವೆ ಕೂತಾಗಲೂ ಹಾಗೇ. ಭಾಗ್ಯಾ ಹೇಗೆ ಸತ್ತಳು ಎಂಬುದು ಈ ಭೂಮಿಯ ಮೇಲೆ ನನಗೂ, ಆಗಲೇ ಮರೆತಿರಬಹುದಾದ ಒಬ್ಬ ಡಾಕ್ಟರಿಗೂ ಮಾತ್ರ ಗೊತ್ತಿತ್ತು.

ನಾನು ಕೆಲಸಕ್ಕೆ ಹೋದಾಗ ಪರಮುವನ್ನು ನೋಡಿಕೊಳ್ಳುತ್ತಿದ್ದವರು ಮನೆ ಮಾಲೀಕರಾದ ಅಂಜನಮ್ಮ. ಪೀಣ್ಯ ಹುಟ್ಟುವ ಮೊದಲಿನಿಂದ ಇಲ್ಲಿರುವವರು. "ನಿಮ್ ಕಂಪ್ನಿ ಐತಲ್ಲ, ಅಲ್ಲಿ ನಮ್ದು ರಾಗಿ ಒಲ ಇತ್ತು ಕಣವ್ವ," ಎಂದು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು. ರೋಗದ ಹೆಸರು ಅವರಿಗೆ ಬೇಕಿರಲಿಲ್ಲ. ಡಾಕ್ಟರು ಹೇಳಿದ್ದಾರೆ ಎಂದರೆ ಮುಗಿಯಿತು, ಗಡಿಯಾರ ನೋಡಿ ಉಣಿಸುತ್ತಿದ್ದರು. ಈ ಶ್ರಾವಣದಲ್ಲಿ ಆನೇಕಲ್ಲಿನ ಮಗಳ ಬಾಣಂತನಕ್ಕೆ ಅವರು ಹೊರಟರು. ಅದೇ ವಾರ ಯಮನಪ್ಪನನ್ನು ತುಮಕೂರಿನ ಹತ್ತಿರದ ಸೈಟಿಗೆ ಎರಡು ತಿಂಗಳು ಹಾಕಿದರು. ಅವನು ನನ್ನನ್ನು ಕೇಳದೆಯೇ ತಾಯಿಯನ್ನು ಬಸ್ಸು ಹತ್ತಿಸಿಕೊಂಡು ಬಂದ.

ಉಣಿಸುವುದರಲ್ಲಿ ಅತ್ತೆಯ ಕೈ ದೊಡ್ಡದು. ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ, ಬೆಲ್ಲ ಹಾಕಿ, ಕಾಗೆ ತೋರಿಸುತ್ತ, ಲಾರಿ ತೋರಿಸುತ್ತ ಪರಮುವಿಗೆ ತುತ್ತಿನ ಮೇಲೆ ತುತ್ತು ಇಡುತ್ತಿದ್ದಳು. ಅವನೂ ಅವಳ ಬೆನ್ನು ಬಿಡುತ್ತಿರಲಿಲ್ಲ. ನೆಟ್ಟಗಿರುವ ದಿನಗಳ ಬಗ್ಗೆ ನನಗೆ ಹೆದರಿಕೆ ಇರಲಿಲ್ಲ. ಬಂದ ದಿನವೇ ಹೇಳಿದೆ:

"ಅತ್ತಿ, ಜ್ವರ ಬಂದ್ರ ಇವನಿಗಿ ಇನ್ನೂ ಹೆಚ್ಚಗಿ ಉಣಸಬೇಕು. ವಾಂತಿ ಮಾಡಿದ್ರೂ ಗ್ಲೂಕೋಸ್ ನೀರು ಕುಡಸಬೇಕು. ಲಂಗಣ ಹಾಕಂಗಿಲ್ಲ."

"ನಾಕ ಮಕ್ಕಳನ್ನ ದೊಡ್ಡವರ ಮಾಡೇನಿ. ನಂಗ ಹೇಳಾಕ ಬಂದೀ?"

"ಡಾಕ್ಟರ್ ಹೇಳ್ಯಾರ."

"ಡಾಕ್ಟರ್ ಏನ್ ಹಡದಾನೇನು?" ಎಂದು ಅವಳು ನಕ್ಕಳು. ಪರಮುವೂ ನಕ್ಕ.

ಆಗಲೇ ಹೇಳಿಬಿಡಬೇಕಿತ್ತು. ಅವಳು ನಂಬಬೇಕಾದರೆ ಒಂದೇ ದಾರಿ ಇದ್ದದ್ದು: ಭಾಗ್ಯಾಳನ್ನು ಕೊಂದದ್ದು ಲಂಗಣ, ಹಾಕಿಸಿದವಳು ನೀನು. ಎಪ್ಪತ್ತರ ಹತ್ತಿರದ ಹೆಂಗಸು, ನನ್ನ ಮಗನ ಬಾಯಿ ಒರೆಸುತ್ತ ಕೂತಿದ್ದಳು. ನಾಳೆ ಹೇಳೋಣ ಎಂದುಕೊಂಡೆ. ಹೀಗೆ ಹದಿನೆಂಟು ನಾಳೆಗಳಾದವು.

ಹತ್ತೊಂಬತ್ತನೆಯ ದಿನ ಸೋಮವಾರ. ಬೆಳಿಗ್ಗೆ ಆರಕ್ಕೆ ಪರಮು ಎದ್ದಾಗ ಮೈ ಬಿಸಿಯಿತ್ತು. ಕುಡಿಸಿದ ಗಂಜಿಯನ್ನೆಲ್ಲ ಏಳಕ್ಕೆ ವಾಂತಿ ಮಾಡಿದ. ಎಂಟಕ್ಕೆ ಒಂದು ಲೋಟ ಗ್ಲೂಕೋಸ್ ನೀರನ್ನು ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕುಡಿಸಿದೆ, ಅದು ಹೊಟ್ಟೆಯಲ್ಲಿ ಉಳಿಯಿತು. ನನ್ನ ಮೂಗು ಹಿಡಿದು ಆಟವಾಡಿದ. ಅಂದು ಕಾರ್ಖಾನೆಯಲ್ಲಿ ಆಡಿಟ್. ಸೂಪರ್‌ವೈಸರ್ ವಿನಾಯಕ್‌ಗೆ ಫೋನು ಮಾಡಿದರೆ, "ಇವತ್ತು ಬರ್ಲಿಲ್ಲ ಅಂದ್ರೆ ನಾಳೆಯಿಂದ ಬರ್ಲೇಬೇಡಿ," ಎಂದ. ಆಸ್ಪತ್ರೆಗೆ ಹೋಗಬೇಕಿತ್ತು. ಹೋಗಲಿಲ್ಲ. ನೀರು ಉಳಿದಿದೆಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಇದರಲ್ಲಿ ಅತ್ತೆಯ ತಪ್ಪಿಲ್ಲ, ನನ್ನದೇ.

ಹೊರಡುವಾಗ ಗ್ಲೂಕೋಸ್ ನೀರಿನ ಬಾಟಲಿಯನ್ನು ಅವಳ ಮುಂದಿಟ್ಟು ಹೇಳಿದೆ: "ತಾಸಿಗೊಮ್ಮೆ ಒಂದು ಲೋಟ. ಬ್ಯಾಡಂದ್ರೂ ಕುಡಸು. ವಾಂತಿ ಮಾಡಿದ್ರ ನಂಗ ಫೋನ್ ಮಾಡು."

"ಹೂಂ ಹೋಗು ಹೋಗು," ಎಂದಳು.

ಲೈನಿನಲ್ಲಿ ಫೋನು ಇಟ್ಟುಕೊಳ್ಳುವಂತಿಲ್ಲ, ಲಾಕರಿನಲ್ಲೇ ಇಡಬೇಕು. ಹತ್ತೂವರೆಯ ಚಹಾ ವಿರಾಮದಲ್ಲಿ ಓಡಿಹೋಗಿ ಫೋನು ಮಾಡಿದೆ.

"ಕುಡದಾನ. ನೀ ನಿನ್ನ ಕೆಲಸಾ ನೋಡ್ಕೋ," ಎಂದಳು. ಹಿಂದಿನಿಂದ ಪರಮುವಿನ ಅಳು ಕೇಳಿಸಿತು. ಅಳುತ್ತಿದ್ದಾನಲ್ಲ ಎಂದು ಸಮಾಧಾನವಾಯಿತು. ಅಳುವ ಕೂಸು ಎಚ್ಚರವಿರುವ ಕೂಸು.

ಒಂದು ಗಂಟೆಗೆ ಊಟದ ಬೆಲ್ಲು. ಡಬ್ಬಿ ತೆರೆಯದೆ ಮತ್ತೆ ಫೋನು ಮಾಡಿದೆ. ಈ ಸಲ ಹಿಂದೆ ಯಾವ ಸದ್ದೂ ಇರಲಿಲ್ಲ.

"ಪರಮು ಏನ್ ಮಾಡಾಕತ್ತಾನ?"

"ಮಲಗ್ಯಾನ. ಚೆಂದ ನಿದ್ದಿ ಹತ್ತೈತಿ ಕೂಸಿಗಿ. ಬಂದ ಮ್ಯಾಲೆ ಎಬ್ಬಸಬ್ಯಾಡ ಮತ್ತ."

ನಾಲ್ಕು ವರ್ಷದ ಹಿಂದೆ ಇದೇ ಬಾಯಿಂದ ಇದೇ ಮಾತು ಕೇಳಿದ್ದೆ. ಕೈಗವಸು ಕಿತ್ತು ಎಸೆದು ಗೇಟಿನ ಕಡೆ ಓಡಿದೆ. "ಏಯ್ ಮಹಾದೇವಿ, ಆಡಿಟ್ ಮುಗಿದಿಲ್ಲ," ಎಂದು ವಿನಾಯಕ್ ಹಿಂದೆ ಕೂಗುತ್ತಿದ್ದ. ಸೆಕ್ಯುರಿಟಿಯವನು ಗೇಟ್ ಪಾಸ್ ಕೇಳಿದ. ಅವನಿಗೆ ಏನು ಹೇಳಿದೆನೋ ನೆನಪಿಲ್ಲ, ಆದರೆ ಬಾಗಿಲು ತೆಗೆದ. ಸಿಕ್ಕಿದ ಆಟೋದವನಿಗೆ, "ಅಣ್ಣಾ, ಕೂಸು ಏಳವಲ್ದು," ಎಂದೆ. ಅವನು ಮೀಟರೂ ಹಾಕಲಿಲ್ಲ, ಮಾತೂ ಆಡಲಿಲ್ಲ.

ಬಾಗಿಲು ತೆರೆದೇ ಇತ್ತು. ಅತ್ತೆ ಗೋಡೆಗೆ ಒರಗಿ ಕೂತು, ತೊಡೆಯ ಮೇಲೆ ಪರಮುವನ್ನು ಮಲಗಿಸಿಕೊಂಡು, ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ಬಾಟಲಿಯಲ್ಲಿ ನೀರು ನಾನು ಇಟ್ಟುಹೋದಷ್ಟೇ ಇತ್ತು. ಪಕ್ಕದ ಬಟ್ಟಲಿನಲ್ಲಿ ಓಮಿನ ನೀರು. ಕೂಸನ್ನು ಕಿತ್ತುಕೊಂಡೆ. ಕತ್ತು ನಿಲ್ಲಲಿಲ್ಲ. ಗಲ್ಲ ತಟ್ಟಿದೆ, ಅಂಗಾಲು ಉಜ್ಜಿದೆ, ಹೆಸರು ಹಿಡಿದು ಕಿರುಚಿದೆ. ರೆಪ್ಪೆ ಒಂದು ಸಲ ಅದುರಿತು. ಸಕ್ಕರೆ ಡಬ್ಬಿ ಸುರುವಿ, ಬೆರಳು ಒದ್ದೆ ಮಾಡಿ ಸಕ್ಕರೆ ಹಚ್ಚಿಕೊಂಡು ಅವನ ವಸಡಿಗೆ ತಿಕ್ಕುತ್ತ ಆಟೋಗೆ ಓಡಿದೆ. ಅತ್ತೆ ಬರಿಗಾಲಿನಲ್ಲಿ ಹಿಂದೆ ಬಂದು ಹತ್ತಿಕೊಂಡಳು.

ಜಾಲಹಳ್ಳಿ ಕಡೆಯ ಅದೇ ಆಸ್ಪತ್ರೆಯಲ್ಲಿ, ಮನೆಯ ಗೋಡೆಗೆ ಅಂಟಿಸಿದ್ದನ್ನು ಕಿತ್ತುಕೊಂಡು ಬಂದಿದ್ದ ಡಾಕ್ಟರ ಚೀಟಿಯನ್ನು ನರ್ಸಿನ ಕೈಗಿಟ್ಟೆ. ತುರ್ತಿನಲ್ಲಿ ಏನು ಮಾಡಬೇಕೆಂದು ಅದರಲ್ಲಿ ಬರೆದಿತ್ತು. ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡಿದರು, ಎಪ್ಪತ್ತಕ್ಕಿಂತ ಮೇಲಿರಬೇಕಾದದ್ದು. "ಮೂವತ್ನಾಲ್ಕು," ಎಂದು ಆಕೆ ಒಳಗೆ ಕೂಗಿ ಹೇಳಿದಳು. ಎರಡು ಸಲ ನರ ಸಿಗಲಿಲ್ಲ, ಮೂರನೆಯ ಸಲ ಪಾದದಲ್ಲಿ ಸಿಕ್ಕಿತು. ಗ್ಲೂಕೋಸ್ ಇಳಿಯತೊಡಗಿತು. ನಾನು ಹನಿಗಳನ್ನೇ ನೋಡುತ್ತ ನಿಂತೆ. ಅವನ ಮೈಯ ಒಂದೊಂದು ಜೀವಕೋಶವೂ ಬಾಯಿ ತೆರೆದು ಕಾಯುತ್ತಿದೆ, ಯಾವುದಕ್ಕೂ ತಡವಾಗದಿರಲಿ ಎಂದು ನಮ್ಮೂರಿನ ದೇವರನ್ನೂ ಅಂಜನಮ್ಮನವರ ದೇವರನ್ನೂ ಬೇಡಿಕೊಂಡೆ. ನಾಲ್ಕು ಗಂಟೆಯ ಸುಮಾರಿಗೆ ಪರಮು ಕಣ್ಣು ಬಿಟ್ಟು, ಪಾದದ ಪಟ್ಟಿ ನೋಡಿ, ಬಾಯಿ ತುಂಬ ಅತ್ತ. ಅಪಾಯ ಕಳೆಯಿತು ಎಂದರು. ಅಷ್ಟು ಹೊತ್ತು ಬಾರದ ಅಳು ನನಗೂ ಆಗ ಬಂತು.

ಅತ್ತೆ ಮಂಚದ ಪಕ್ಕದ ಬೆಂಚಿನ ತುದಿಯಲ್ಲಿ ಕೂತಿದ್ದಳು. ನಾನು ಅಳು ಮುಗಿಸಿ ಇನ್ನೊಂದು ತುದಿಯಲ್ಲಿ ಕೂತೆ. ನಡುವೆ ಇಬ್ಬರು ಕೂರುವಷ್ಟು ಜಾಗವಿತ್ತು. ಅವಳು ನೆಲ ನೋಡುತ್ತ ಹೇಳಿದಳು:

"ಒಂದ್ ಲೋಟ ಕುಡಸಿದೆ. ಕಾರಿಕೊಂಡ. ಅದಕ್ಕ ನಿಲ್ಲಿಸಿದೆ. ನಿಂಗ ಸುಳ್ಳ ಹೇಳಿದ್ದು ತಪ್ಪ ಖರೆ. ಆದ್ರ ನಾ ಏನ್ ಹೊಸಾದು ಮಾಡೇನಿ? ನಮ್ಮ ಮನಿಯಾಗ ಲಂಗಣಕ್ಕ ಯಾ ಕೂಸೂ ಸತ್ತಿಲ್ಲ."

ಇವಳು ಇದನ್ನೇ ನಂಬಿಕೊಂಡು ಇರುತ್ತಾಳೆ. ಮುಂದಿನ ಜ್ವರಕ್ಕೆ ಮತ್ತೆ ಇವಳೋ, ಇವಳ ಮಾತು ಕೇಳಿಕೊಂಡು ಯಮನಪ್ಪನೋ, ಅಥವಾ ಊರಿನಲ್ಲಿ ಯಾವ ಚಿಕ್ಕಮ್ಮನೋ ಪರಮುವಿನ ಬಾಯಿಂದ ಲೋಟ ತೆಗೆಯುತ್ತಾರೆ. ಇನ್ನು ನಾಳೆ ಎನ್ನುವುದಕ್ಕೆ ನನ್ನಲ್ಲಿ ನಾಳೆ ಉಳಿದಿರಲಿಲ್ಲ.

"ಸತ್ತೈತಿ ಅತ್ತಿ," ಎಂದೆ. "ಭಾಗ್ಯಾ ಸತ್ತಿದ್ದು ಲಂಗಣದಿಂದ."

ಅವಳು ತಿರುಗಿ ನೋಡಿದಳು. ನಾನು ನಿಲ್ಲಿಸಲಿಲ್ಲ. ಸಕ್ಕರೆ ಮುಗಿಯುವುದು, ಕೊಬ್ಬು ಒಲೆಗೆ ಹೋಗಬೇಕಾದದ್ದು, ಕತ್ತರಿ ಇಲ್ಲದ್ದು, ವಿಷ ತುಂಬುವುದು, ಅದು ರಕ್ತದಲ್ಲಿ ಎರಡೂ ಕಡೆಯಿಂದ ಇಳಿದು ಬರುವುದು, ಎಲ್ಲವನ್ನೂ ಹೇಳಿದೆ. ಕಪಾಳಕ್ಕೆ ಹೊಡೆದ ಹಾಗೆ ಹೇಳಬೇಕೆಂದು ಇಷ್ಟು ದಿನ ಕೂಡಿಟ್ಟುಕೊಂಡಿದ್ದ ಮಾತು, ಪಕ್ಕದ ಮಂಚದವರಿಗೂ ಕೇಳದಷ್ಟು ಮೆಲ್ಲಗೆ ಬಂತು.

"ಅದು ನಿದ್ದಿ ಅಲ್ಲ ಅತ್ತಿ. ಅವತ್ತೂ ಅಲ್ಲ, ಇವತ್ತೂ ಅಲ್ಲ."

"ನಿನ್ನ ಹಾಲು ಕೆಟ್ಟಿರಲಿಲ್ಲ?"

"ಇಲ್ಲ. ಕೊಟ್ಟಿದ್ರ ಉಳೀತಿತ್ತು."

ಅವಳು ಮಂಚದ ಮೇಲಿನ ಪರಮುವಿನ ಕಡೆ ನೋಡಿದಳು.

"ನೀ ಬ್ಯಾಡಂದಿ, ನಾ ಕೊಡಲಿಲ್ಲ," ಎಂದೆ. "ಇಬ್ರೂ ಕೂಡೇ ಮಾಡೀವಿ. ನಂಗ ಗೊತ್ತಾಗಿ ವರ್ಷದ ಮ್ಯಾಲಾತು. ನಿನ್ನ ಮಗಗೂ ಹೇಳಿಲ್ಲ."

ಅವಳು ಬಾಯಿ ಮಾಡಬಹುದು ಎಂದುಕೊಂಡಿದ್ದೆ, ನನ್ನನ್ನೇ ಬೈಯಬಹುದು, ಎದೆ ಬಡಿದುಕೊಂಡು ಅಳಬಹುದು. ಒಂದು ವಿಷಯ ಮಾತ್ರ ನಾಚಿಕೆ ಬಿಟ್ಟು ಹೇಳುತ್ತೇನೆ: ಆ ಗಳಿಗೆಯಲ್ಲಿ ನನಗೆ ಹಗುರವಾಯಿತು. ಇನ್ನು ಮೇಲೆ ಇದನ್ನು ಹೊತ್ತುಕೊಳ್ಳಲು ನಾವು ಇಬ್ಬರು ಎನಿಸಿತು.

ಅತ್ತೆ ಎರಡೂ ಅಂಗೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಅವುಗಳನ್ನೇ ನೋಡುತ್ತಿದ್ದಳು. ಆಮೇಲೆ ಕೇಳಿದಳು:

"ಮನಿತನದ ರಕ್ತದಾಗ ಬರ್ತೈತಿ ಅಂದೆಲ್ಲ. ನಂಗೂ ನಮ್ಮ ಸ್ವಾದರಮಾವಗೇ ಕೊಟ್ಟಿದ್ರು. ಹಂಗಾದ್ರ ನನ್ನ ಸೋಮಪ್ಪ?"

ಯಾವ ಸೋಮಪ್ಪ ಎಂದು ಒಂದು ಕ್ಷಣ ಹೊಳೆಯಲಿಲ್ಲ. ಅತ್ತೆಯ ಚೊಚ್ಚಲ ಒಂದು ಚಿಕ್ಕಂದಿನಲ್ಲೇ ಹೋಗಿತ್ತು ಎಂದು ಅಪ್ಪ ಯಾವಾಗಲೋ ಹೇಳಿದ್ದು ನೆನಪಾಯಿತು. ಆ ಕಾಲದಲ್ಲಿ ಯಾರ ಮನೆಯಲ್ಲಿ ಒಂದು ಕೂಸು ಹೋಗಿರಲಿಲ್ಲ ಎಂದು ಅದನ್ನು ಅಲ್ಲಿಗೇ ಬಿಟ್ಟಿದ್ದೆ. ಹೆಸರು ಕೇಳಿದ್ದು ಇದೇ ಮೊದಲು.

"ಜ್ವರ ಬಂದಿತ್ತು," ಎಂದಳು ಅವಳು. "ನಮ್ಮ ಅತ್ತಿ ಲಂಗಣ ಹಾಕಂದ್ಲು. ಆಗ ನಂಗ ಹದಿನೇಳು ವರ್ಷ. ನಾ ಏನ್ ಎದರಾಡ್ತಿದ್ದೆ? ಎರಡ ದಿನ ಹಾಕಿದೆ. ಸುಮ್ನ ಮಲ್ಕೊಂಡ ಹೋದ. ಅಂವಗೂ ಇದ ಆಗಿತ್ತೇನ ಮಾದೇವಿ?"

ನಾನು ಭಾಗ್ಯಾಳ ಸಾವನ್ನು ಅವಳಿಗೆ ಕೊಡಬೇಕೆಂದು ಬಂದವಳು. ಅವಳು ಅದನ್ನು ಹಿಡಿದುಕೊಂಡು, ಐವತ್ತು ವರ್ಷದ ಹಿಂದಿನ ಒಂದು ಕತ್ತಲ ಕೋಣೆಯ ತನಕ ನಡೆದುಹೋಗಿದ್ದಳು. ಆಗಿರಬಹುದು ಎಂದು ನನಗೆ ಅನಿಸಿತು. ಆಗಿರಬಹುದು ಏನು, ಆಗಿಯೇ ಇತ್ತು. ಅದೇ ರಕ್ತ, ಅದೇ ಲಂಗಣ. ಅವಳ ಮುಖ ನೋಡಿದೆ. ಈ ವಯಸ್ಸಿನಲ್ಲಿ ಒಂದು ದಿನಕ್ಕೆ ಎರಡು ಕೂಸುಗಳನ್ನು ಅವಳ ತೊಡೆಯ ಮೇಲೆ ಹೇಗೆ ಹಾಕಲಿ?

"ಇಲ್ಲ ಅತ್ತಿ," ಎಂದೆ. "ಅದು ಬ್ಯಾರೆ ಜ್ವರ ಇದ್ದೀತು. ಆಗ ಬ್ಯಾನಿ ಭಾಳ ಇದ್ವು."

"ಹೌದಾ?"

"ಹೌದು."

ಅವಳು ತಲೆಯಾಡಿಸಿದಳು. ಸುಳ್ಳು ಹೇಳಿದ ಕೂಡಲೇ ನಾನು ಮತ್ತೆ ಒಬ್ಬಳೇ ಆದೆ. ಬೆಂಚಿನ ಮೇಲೆ ಅದೇ ಇಬ್ಬರು ಕೂರುವಷ್ಟು ಜಾಗ ಇತ್ತು. ಪರಮುವಿಗೆ ನರ್ಸು ಬಿಸ್ಕತ್ತು ನೆನೆಸಿದ ಹಾಲು ತಂದಿಟ್ಟಳು. ಅತ್ತೆ ಎದ್ದುಹೋಗಿ ಚಮಚ ತೆಗೆದುಕೊಂಡು, ಗೋಡೆಯ ಗಡಿಯಾರವನ್ನು ಕೈ ಮಾಡಿ ತೋರಿಸಿ, ಈಗ ಎಷ್ಟು ಹೊತ್ತು ಎಂದು ಕೇಳಿದಳು. ಐದೂ ಇಪ್ಪತ್ತು ಎಂದೆ. ಮತ್ತೆ ಯಾವಾಗ ಕೊಡಬೇಕು ಎಂದು ಕೇಳಿದಳು. ಎಂಟರೊಳಗೆ ಎಂದೆ. ಒಂದೊಂದೇ ಚಮಚ ಕುಡಿಸಿದಳು, ಕಾಗೆ ತೋರಿಸಲಿಲ್ಲ, ಲಾರಿ ತೋರಿಸಲಿಲ್ಲ.

ಆರು ಗಂಟೆಗೆ ಡಾಕ್ಟರ್ ಶ್ರೀಧರ್ ಬಂದರು. ಪರಮುವಿನ ಕಣ್ಣು, ಹೊಟ್ಟೆ ನೋಡಿ, ನನಗೆ ಬೈಯಬೇಕಾದಷ್ಟು ಬೈದರು. ವಾಂತಿಯಾದ ತಕ್ಷಣ ಬರಬೇಕಿತ್ತು ಎಂದರು, ಒಪ್ಪಿಕೊಂಡೆ. ಆಮೇಲೆ ಫೈಲು ತೆರೆದರು. "ಜೆನೆಟಿಕ್ ಕ್ಲಿನಿಕ್‌ಗೆ ಒಂದು ಪತ್ರ ಬರೀಬೇಕು. ನಿಮ್ಮ ಫ್ಯಾಮಿಲಿಯಲ್ಲಿ ಚಿಕ್ಕ ವಯಸ್ಸಲ್ಲಿ ತೀರ್ಕೊಂಡ ಮಕ್ಕಳು ಎಷ್ಟು? ನಿಮ್ಮ ಮಗಳು ಒಬ್ಬಳು, ಅದು ಇದೆ ಇಲ್ಲಿ. ಬೇರೆ ಯಾರಾದ್ರೂ?"

"ಇಲ್ರಿ ಸಾರ್," ಎಂದೆ. "ಒಬ್ಬಾಕೀನ."

"ಇಬ್ರು," ಎಂದಳು ಅತ್ತೆ.

ಡಾಕ್ಟರು ಅವಳ ಕಡೆ ತಿರುಗಿದರು. ಅವಳು ಚಮಚವನ್ನು ಬಟ್ಟಲಿನಲ್ಲಿಟ್ಟು, ಸೆರಗನ್ನು ತಲೆಯ ಮೇಲೆ ಹೊದ್ದುಕೊಂಡು ಎದ್ದು ನಿಂತಳು, ದೊಡ್ಡವರ ಮುಂದೆ ನಿಲ್ಲುವ ಹಾಗೆ. ನನ್ನ ಕಡೆ ನೋಡಲಿಲ್ಲ.

"ಇಬ್ರು ಅಂತ ಬರಕೋರಿ. ನನ್ನ ಮಗ ಒಬ್ಬ. ಐದ ತಿಂಗಳಿನಾಂವ. ಲಂಗಣ ಹಾಕಿದ್ದೆ."

"ಯಾವ ವರ್ಷ ಅಂತ ನೆನಪಿದ್ಯಾ ಅಜ್ಜಿ?"

"ಅದೆಲ್ಲಾ ಗೊತ್ತಿಲ್ರಿ. ಸೋಮಪ್ಪ ಅಂತ ಹೆಸರು. ಹೆಸರೂ ಬರಕೋರಿ."

ಹೆಸರಿನ ಅಗತ್ಯವಿಲ್ಲ ಎಂದು ಹೇಳಲು ಡಾಕ್ಟರು ಬಾಯಿ ತೆರೆದವರು, ಹೇಳದೆ ಬರೆದುಕೊಂಡರು. ಆ ಕೂಸಿಗೆ ಫೋಟೋ ಇಲ್ಲ, ಜನನ ಪತ್ರವಿಲ್ಲ, ಮನೆಯಲ್ಲಿ ಯಾರೂ ಅದರ ಹೆಸರು ಹಿಡಿದದ್ದನ್ನು ನಾನು ಕೇಳಿಲ್ಲ. ಡಾಕ್ಟರು ಫೈಲನ್ನು ಮಂಚದ ಮೇಲಿಟ್ಟು ಪಕ್ಕದ ಮಂಚಕ್ಕೆ ಹೋದ ಮೇಲೆ ಅತ್ತೆ ಅದರ ಮೇಲೆ ಬಗ್ಗಿದಳು. ಅವಳಿಗೆ ಓದಲು ಬರುವುದಿಲ್ಲ.

"ಎಲ್ಲಿ ಬರದಾರ? ತೋರಸು," ಎಂದಳು.

ನಾನು ಎದ್ದು ಅವಳ ಪಕ್ಕದಲ್ಲಿ ನಿಂತು, ಆ ಹೆಸರಿನ ಕೆಳಗೆ ಬೆರಳಿಟ್ಟು ತೋರಿಸಿದೆ.